ಹುಳ ಸಾಕಿ ಮಾರುವ ಕಸುಬು: ತಿಪಟೂರು ಸೀಮೆಯಿಂದ ನನ್ನ ಅನುಭವ

ತೆಂಗಿಗೆ ಕಪ್ಪುತಲೆ ಹುಳ ಬಿದ್ದರೆ ಗರಿಯೆಲ್ಲ ಸುಟ್ಟ ಹಾಗೆ ಕಾಣುತ್ತದೆ. ಹುಳ ಗರಿಯ ಅಡಿಯಲ್ಲಿ ನೂಲು ಮತ್ತು ಹಿಕ್ಕೆಯಿಂದ ಗೂಡು ಕಟ್ಟಿ, ಒಳಗೇ ಕೂತು ಹಸಿರನ್ನು ಕೆರೆದು ತಿನ್ನುತ್ತದೆ. ಅಷ್ಟೆತ್ತರಕ್ಕೆ ಔಷಧ ಹೊಡೆಯುವುದೇ ಕಷ್ಟ, ಹೊಡೆದರೂ ಗೂಡಿನೊಳಕ್ಕೆ ಸರಿಯಾಗಿ ಇಳಿಯಲ್ಲ. ಆ ಗೂಡಿಗೇ ನುಗ್ಗುವುದು ಗೋನಿಯೋಜಸ್ ಅನ್ನುವ ಪುಟ್ಟ ಕಪ್ಪು ಪರೋಪಜೀವಿ, ಅಂದರೆ ಬೇರೆ ಹುಳದ ಮೈಮೇಲೆ ಮೊಟ್ಟೆ ಇಟ್ಟು ಮರಿಗಳಿಗೆ ಅದನ್ನೇ ತಿನ್ನಿಸುವ ಕಣಜದ ಜಾತಿಯ ಕೀಟ. ಅದನ್ನು ಸಾಕಿ ತೋಟಗಳಿಗೆ ಬಿಡುವುದು ನನ್ನ ಕೆಲಸ.

ಇದರ ಬದಲು ಟ್ರೈಕೋಡರ್ಮಾ, ಸೂಡೋಮೊನಾಸ್‌ನಂಥ ಜೈವಿಕ ಔಷಧ ಮಾಡಬಹುದಲ್ವಾ ಅಂತ ಕೇಳುವವರಿದ್ದಾರೆ. ಮೊದಲನೆಯದು ಶಿಲೀಂಧ್ರ, ಎರಡನೆಯದು ಬ್ಯಾಕ್ಟೀರಿಯಾ. ಶಿಲೀಂಧ್ರ, ಬ್ಯಾಕ್ಟೀರಿಯಾ ಮಾರಬೇಕಾದರೆ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕು. ಅದರ ಖರ್ಚು, ಓಡಾಟ ಸಣ್ಣವರಿಗೆ ಭಾರ. ಪರೋಪಜೀವಿಗೆ ಆ ನೋಂದಣಿ ಇಲ್ಲ. ಮೂಲ ಸಂತತಿ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೊದಲ್ಲಿ ಸಿಗುತ್ತದೆ. ನಾನು ತಂದಿದ್ದೂ ಅಲ್ಲಿಂದಲೇ.

ಹುಳಕ್ಕೆ ಹುಳವೇ ಆಹಾರ. ಹಾಗಾಗಿ ಮೊದಲು ಅಕ್ಕಿ ಚಿಟ್ಟೆ, ಅಂದರೆ ಕೂಡಿಟ್ಟ ಧಾನ್ಯಕ್ಕೆ ಬೀಳುವ ಪತಂಗ, ಸಾಕಬೇಕು. ಬಿಸಿ ಮಾಡಿ ಆರಿಸಿದ ಜೋಳದ ನುಚ್ಚು, ಸ್ವಲ್ಪ ಕಡಲೆಕಾಯಿ ಬೀಜದ ಪುಡಿ ಟ್ರೇಗೆ ಹಾಕಿ ಮೇಲೆ ಈ ಚಿಟ್ಟೆಯ ಮೊಟ್ಟೆ ಉದುರಿಸುತ್ತೇವೆ. ಅದರಲ್ಲಿ ಬೆಳೆದು ಬಲಿತ ಹುಳವನ್ನು ಗಾಜಿನ ಟ್ಯೂಬಿನಲ್ಲಿ ಗೋನಿಯೋಜಸ್ ತಾಯಿಯ ಜೊತೆ ಬಿಡುತ್ತೇವೆ. ಅದು ಚುಚ್ಚಿ ಹುಳವನ್ನು ಅಲ್ಲಾಡದಂತೆ ಮಾಡಿ, ಮೈಮೇಲೆ ಹತ್ತು ಹನ್ನೆರಡು ಮೊಟ್ಟೆ ಇಡುತ್ತದೆ. ಆಮೇಲೆ ಎದ್ದು ಹೋಗಲ್ಲ, ಮರಿಗಳ ಪಕ್ಕದಲ್ಲೇ ಕಾವಲು ಕೂರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗಲ್ಲ. ಚಿಟ್ಟೆ ಕೋಣೆಯಲ್ಲಿ ಮಾತ್ರ ಮಾಸ್ಕ್ ಬೇಕೇ ಬೇಕು. ರೆಕ್ಕೆಯ ಪುಡಿ ಎದೆಗೆ ಹೋದರೆ ಉಬ್ಬಸ ಬರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಎಕರೆಗೆ 70 ಮರ, ಮರಕ್ಕೆ 15 ಪರೋಪಜೀವಿ ಅಂದರೆ ಒಂದು ಸಲಕ್ಕೆ 1050. ಹದಿನೈದು ದಿನಕ್ಕೊಮ್ಮೆ ನಾಲ್ಕು ಸಲ ಬಿಟ್ಟರೆ 4200. ಜೋಳಕ್ಕೆ ಮೊಟ್ಟೆ ಹಾಕಿದ ದಿನದಿಂದ ಗೋನಿಯೋಜಸ್ ಕೈಗೆ ಬರಲು ಸುಮಾರು ಒಂದೂವರೆ ತಿಂಗಳು. ಬಂದ ಮೇಲೆ ಗೋದಾಮಿನಲ್ಲಿ ಇಟ್ಟುಕೊಳ್ಳುವ ಸರಕಲ್ಲ. ನನ್ನ ವ್ಯಾಪಾರದ ಕ್ರಮವೆಲ್ಲ ಹುಟ್ಟಿದ್ದು ಇದರಿಂದಲೇ.

ಬಿಡಿ ಟ್ಯೂಬ್ ನಾನು ಮಾರಲ್ಲ. ಒಬ್ಬರ ತೋಟಕ್ಕೆ ಮಾತ್ರ ಬಿಟ್ಟರೆ ಪಕ್ಕದ ತೋಟದಿಂದ ಕಪ್ಪುತಲೆ ಹುಳದ ಚಿಟ್ಟೆ ಬಂದು ಮತ್ತೆ ಮೊಟ್ಟೆ ಇಡುತ್ತದೆ. ಊರಿನ ಒಂದು ಬದಿಯ ತೋಟಗಳವರೆಲ್ಲ ಒಪ್ಪಿದರೆ ಮರಕ್ಕೆ ಇಷ್ಟು ಅಂತ ನಾಲ್ಕು ಬಿಡುಗಡೆಗೂ ಸೇರಿಸಿ ದರ ಹೇಳುತ್ತೇನೆ. “ಏನಕ್ಕಾ, ದುಡ್ಡು ಕೊಟ್ಟು ತೋಟಕ್ಕೆ ಹುಳ ಬಿಡಿಸಿಕೊಳ್ಳಬೇಕಾ?” ಅಂತ ಕೇಳಿದವರಿಗೆ ಟ್ಯೂಬ್ ಕೈಗೆ ಕೊಟ್ಟು ತೋರಿಸುತ್ತೇನೆ. ಮಾತಿಗಿಂತ ಅದೇ ಜಾಸ್ತಿ ಕೆಲಸ ಮಾಡುತ್ತದೆ.

ಅರ್ಧ ದುಡ್ಡು ಮುಂಗಡ. ಉಳಿದದ್ದಕ್ಕೆ ನಮ್ಮ ಕಡೆಯ ರೈತರ ಸ್ಥಿತಿ ಅರ್ಥ ಮಾಡಿಕೊಳ್ಳಬೇಕು. ಉಂಡೆ ಕೊಬ್ಬರಿಗೆ ಕಾಯಿ ತಿಂಗಳುಗಟ್ಟಲೆ ಅಟ್ಟದಲ್ಲಿರುತ್ತದೆ, ದುಡ್ಡೂ ಅಲ್ಲೇ ಇರುತ್ತದೆ. ಹಾಗಾಗಿ ಬಾಕಿಯನ್ನು ಕೊಬ್ಬರಿ ಮಾರಿದಾಗ ತೆಗೆದುಕೊಳ್ಳುತ್ತೇನೆ. ಆದರೆ ಕೊನೆಯ ಬಿಡುಗಡೆ ಆದ ಮೇಲೆ ಗರಿ ಕೀಳಿಸಿ, ಜೀವಂತ ಹುಳ ಎಷ್ಟು, ಗೋನಿಯೋಜಸ್ ಗೂಡು ಎಷ್ಟು ಅಂತ ರೈತರ ಎದುರೇ ಎಣಿಸುತ್ತೇವೆ. ಹಾಗೆ ಎಣಿಸಿದ ತೋಟಗಳಲ್ಲಿ ಬಾಕಿ ತಕರಾರು ಬರುವುದಿಲ್ಲ.

ಬಿಡುವ ಕೆಲಸವನ್ನೂ ನಮ್ಮ ಸಂಘದ ಹೆಂಗಸರೇ ಮಾಡುತ್ತಾರೆ, ಅವರಿಗೆ ಮರದ ಲೆಕ್ಕದಲ್ಲಿ ಕೂಲಿ. ಹೆಚ್ಚು ಹುಳ ಹಿಡಿದ ಕೆಳಗಿನ ಗರಿಗಳನ್ನು ರೈತರು ಮೊದಲೇ ಕಡಿಸಿ ಸುಡಬೇಕು. ಜೇನುತುಪ್ಪ ತಿನ್ನಿಸಿದ ಪರೋಪಜೀವಿಯನ್ನು ಕಾಂಡದ ಬುಡದಲ್ಲಿ ಬಿಡುತ್ತೇವೆ, ಸುಳಿಯ ಹತ್ತಿರ ಅಲ್ಲ. ಸುಳಿಯಲ್ಲಿ ಜೇಡ, ಬೇಟೆಯಾಡುವ ತಿಗಣೆಗಳು ಹಿಡಿದು ತಿನ್ನುತ್ತವೆ. ಆ ದಿನಗಳಲ್ಲಿ ಯಾರೂ ತೋಟಕ್ಕೆ ವಿಷ ಹೊಡೆಯಬಾರದು. ಇದನ್ನು ಕರಾರಿನಲ್ಲೇ ಬರೆಸುತ್ತೇನೆ.

ಕಪ್ಪುತಲೆ ಹುಳದ ಕಾಟ ಹೆಚ್ಚು ಬೇಸಿಗೆಯಲ್ಲಿ. ಮಳೆಗಾಲದಲ್ಲಿ ಟ್ರೇ ಖಾಲಿ ಬಿಟ್ಟರೆ ಕಸುಬು ಉಳಿಯಲ್ಲ. ಆಗ ಅದೇ ಅಕ್ಕಿ ಚಿಟ್ಟೆಯ ಮೊಟ್ಟೆಯಿಂದ ಟ್ರೈಕೋಗ್ರಾಮಾ ಕಾರ್ಡ್ ಮಾಡುತ್ತೇವೆ. ಟ್ರೈಕೋಗ್ರಾಮಾ ಅಂದರೆ ಕೊರೆಯುವ ಹುಳದ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಇನ್ನೊಂದು ಪರೋಪಜೀವಿ. ಒಂದು ಸಿಸಿ (ಘನ ಸೆಂಟಿಮೀಟರ್) ಅಳತೆಯ ಮೊಟ್ಟೆ ಅಂಟಿಸಿದ ಕಾರ್ಡಿನಲ್ಲಿ 18ರಿಂದ 20 ಸಾವಿರ ಮೊಟ್ಟೆ ಇರುತ್ತವೆ. ಮಂಡ್ಯ ಕಡೆಯ ಕಬ್ಬಿನವರಿಗೆ ಬಸ್ಸಿನಲ್ಲಿ ಕಳಿಸುತ್ತೇನೆ. ಆ ದುಡ್ಡಿನಲ್ಲಿ ಬೇಸಿಗೆಯ ಜೋಳ ಬರುತ್ತದೆ, ಸಾಲ ಮಾಡಬೇಕಾಗಿಲ್ಲ.

ಮಾರ್ಚಿನಲ್ಲಿ ಒಮ್ಮೆಲೇ ದೊಡ್ಡ ಆರ್ಡರ್ ತಂದು, ನಾಳೆಯೇ ಕೊಡಿ, ದುಡ್ಡು ಆಮೇಲೆ ಅನ್ನುವವರಿಗೆ ನಾನು ಒಪ್ಪುವುದಿಲ್ಲ. ಎರಡು ತಿಂಗಳು ಮೊದಲು ಹೇಳಿ ಮುಂಗಡ ಕೊಟ್ಟರೆ ಟ್ರೇ ಹೆಚ್ಚಿಸುತ್ತೇನೆ.