ನೆನಪನ್ನು ಕೇಳದ ಪ್ರಶ್ನೆಗಳು: ಡಿಮೆನ್ಷಿಯಾ ಇರುವ ಹಿರಿಯರೊಡನೆ ರಂಗೋಲಿ ಮತ್ತು ಕಥೆ

ಬೆಂಗಳೂರಿನ ಹಗಲು ಆರೈಕೆ ಕೇಂದ್ರವೊಂದರಲ್ಲಿ ಡಿಮೆನ್ಷಿಯಾ (ನೆನಪು, ಯೋಚನೆಯ ಶಕ್ತಿ ಕುಂದುತ್ತಾ ಹೋಗುವ ಸ್ಥಿತಿ) ಇರುವ ಹಿರಿಯರಿಗಾಗಿ ಕಲಾ ಚಟುವಟಿಕೆಗಳನ್ನು ನಡೆಸುವ ನಾನು, ಪ್ರತಿ ಕೂಟವನ್ನೂ ಮಾತಿನಿಂದಲ್ಲ, ಕೈಕೆಲಸದಿಂದ ಆರಂಭಿಸುತ್ತೇನೆ. ಡಿಮೆನ್ಷಿಯಾಕ್ಕೆ ಮುಖ್ಯ ಕಾರಣವಾದ ಅಲ್‌ಝೈಮರ್ಸ್ ಕಾಯಿಲೆಯಲ್ಲಿ ಮೊದಲು ಹಾನಿಗೊಳ್ಳುವ ಮಿದುಳಿನ ಭಾಗಗಳಲ್ಲಿ ಹೊಸ ಘಟನೆಗಳನ್ನು ನೆನಪಿಗೆ ಸೇರಿಸುವ ಹಿಪೊಕ್ಯಾಂಪಸ್ ಒಂದು. ವರ್ಷಗಟ್ಟಲೆ ಮಾಡಿ ಕೈಗೆ ಹತ್ತಿದ ಕೆಲಸಗಳ ನೆನಪು ಮಿದುಳಿನ ಬೇರೆ ಭಾಗಗಳನ್ನು ಅವಲಂಬಿಸಿರುವುದರಿಂದ ಹೆಚ್ಚು ಕಾಲ ಉಳಿಯುತ್ತದೆ. ಬೆಳಗಿನ ತಿಂಡಿ ಏನೆಂದು ಹೇಳಲಾಗದ ಅಜ್ಜಿಯೊಬ್ಬರು ಚುಕ್ಕಿಗಳ ಸುತ್ತ ಎಳೆಯನ್ನು ತಡವರಿಸದೆ ಸುತ್ತಿಸುವುದು ಇದರಿಂದಲೇ.

ನೆಲಕ್ಕೆ ಬಾಗುವುದು ಅವರಿಗೆ ಆಗದ ಕಾರಣ ಮೇಜಿನ ಮೇಲೆ ಕಪ್ಪು ಬಣ್ಣ ಬಳಿದ ಹಲಗೆಯಿಡುತ್ತೇನೆ. ಅಂಗಡಿಯ ರಂಗೋಲಿ ಪುಡಿಯ ಬದಲು ಅಕ್ಕಿ ಹಿಟ್ಟನ್ನೇ ಬಳಸುತ್ತೇನೆ, ಏಕೆಂದರೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವವರೂ ಇರುತ್ತಾರೆ. ಎಣಿಕೆಯಲ್ಲಿ ಅವರು ಗಲಿಬಿಲಿಗೊಳ್ಳುವುದರಿಂದ ಚುಕ್ಕಿಗಳನ್ನು ನಾನೇ ಇಟ್ಟುಕೊಡುತ್ತೇನೆ. ರಂಗೋಲಿ ಒಲ್ಲೆನೆನ್ನುವ ಗಂಡಸರಿಗೆ ಭಜನೆಯ ತಾಳ ಕೊಟ್ಟರೆ ಸಾಕು. ಮಕ್ಕಳ ಬಣ್ಣ ತುಂಬುವ ಪುಸ್ತಕಗಳನ್ನು ಮಾತ್ರ ನಾನು ತರುವುದಿಲ್ಲ. ತುಂಬು ಸಂಸಾರ ನಡೆಸಿದವರ ಮುಂದೆ ಅವನ್ನಿಡುವುದು ಅಗೌರವ.

ಕಥೆ ಕಟ್ಟುವ ಚಟುವಟಿಕೆಗೆ ಅಮೆರಿಕದ ಆನ್ ಬಾಸ್ಟಿಂಗ್ ಅವರು 1990ರ ದಶಕದಲ್ಲಿ ರೂಪಿಸಿದ ಟೈಮ್‌ಸ್ಲಿಪ್ಸ್ ವಿಧಾನವನ್ನು ಅನುಸರಿಸುತ್ತೇನೆ. ಅದರ ತಿರುಳು ಸರಳ: ನೆನಪಿಸಿಕೊಳ್ಳಿ ಎಂದು ಒತ್ತಾಯಿಸದೆ, ಕಲ್ಪಿಸಿಕೊಳ್ಳಲು ಆಹ್ವಾನಿಸುವುದು. ಕುಟುಂಬದ ಹಳೆಯ ಫೋಟೋ ತೋರಿಸಿ ‘ಇವರು ಯಾರು?’ ಎಂದರೆ ಅದು ಪರೀಕ್ಷೆಯಾಗುತ್ತದೆ. ಆದ್ದರಿಂದ ಯಾರಿಗೂ ಸಂಬಂಧವಿಲ್ಲದ, ತುಸು ವಿಚಿತ್ರವಾದ ಚಿತ್ರವನ್ನೇ ಆರಿಸುತ್ತೇನೆ. ಬಸ್ಸಿನ ಮೇಲೆ ನಿಂತ ಮೇಕೆಯ ಚಿತ್ರವನ್ನು ತೋರಿಸಿ ‘ಇದು ಎಲ್ಲಿಗೆ ಹೊರಟಿರಬಹುದು?’ ಎಂದಾಗ, ದಿನವಿಡೀ ಮಾತಾಡದಿದ್ದ ತಾತ ‘ಟಿಕೆಟ್ ತಗೊಂಡಿಲ್ಲ, ಅದಕ್ಕೇ ಮೇಲೆ ಹತ್ತಿಸಿದ್ದಾರೆ’ ಎಂದರು. ಪಕ್ಕದ ಅಜ್ಜಿ ಅದು ಹಾಸನದ ಮಗಳ ಮನೆಗೆ ಹೊರಟಿದೆ ಎಂದರು; ಇನ್ನೊಬ್ಬರು ಅದು ಮೇಕೆಯೇ ಅಲ್ಲವೆಂದು ವಾದಿಸಿದರು. ಪರಸ್ಪರ ಹೊಂದದಿದ್ದರೂ ಎಲ್ಲವನ್ನೂ ಅವರ ಮಾತಿನಲ್ಲೇ ದೊಡ್ಡ ಹಾಳೆಯಲ್ಲಿ ಬರೆದು, ಆಗಾಗ ಗಟ್ಟಿಯಾಗಿ ಓದುತ್ತೇನೆ. ತಮ್ಮ ಸಾಲು ಬಂದಾಗ ಅವರಿಗೆ ನಗು ಬರುತ್ತದೆ.

ಕಷ್ಟ ಬರುವುದು ಮನೆಯವರಿಂದ. ‘ಅಮ್ಮ, ಹಾಸನದಲ್ಲಿ ನಮಗ್ಯಾರೂ ಇಲ್ಲ’ ಎಂದು ತಿದ್ದಿದ ಕೂಡಲೇ ಕಥೆ ನಿಲ್ಲುತ್ತದೆ. ಹೀಗಾಗಿ ಮನೆಯವರು ಬಂದಾಗ ಹಿರಿಯರ ಮಾತನ್ನು ಹಾಳೆಯಲ್ಲಿ ಬರೆದುಕೊಳ್ಳುವ ಕೆಲಸಕ್ಕೆ ಅವರನ್ನೇ ಹಚ್ಚುತ್ತೇನೆ. ಈ ಚಟುವಟಿಕೆಗಳಿಂದ ಕಾಯಿಲೆ ನಿಲ್ಲುವುದಿಲ್ಲವೆಂಬುದನ್ನೂ ಅವರಿಗೆ ಮೊದಲೇ ಹೇಳಿರುತ್ತೇನೆ. ಸಂಜೆಯ ಹೊತ್ತಿಗೆ ಹಲವರಲ್ಲಿ ಗಾಬರಿ, ಚಡಪಡಿಕೆ ಹೆಚ್ಚುವುದರಿಂದ ಕೂಟವನ್ನು ಬೆಳಗ್ಗೆಯೇ, ಯಾರಾದರೂ ದಣಿಯುವ ಮುನ್ನ ಮುಗಿಸುತ್ತೇವೆ.