ಶೇರ್ ಮಾಡಿದ ಸ್ಲೈಡ್‌ಗೆ ಬೇರೆಯವ್ರು ಕೈ ಹಾಕ್ದಂಗೆ ಮಾಡೋದು ಹೆಂಗೆ

ನಾವು ದಾವಣಗೆರೆ ಹುಡುಗ್ರು ಐದು ಜನ ಸೇರಿ ಸೆಮಿನಾರ್‌ಗೆ ಅಂತ ಚಿತ್ರದುರ್ಗದ ಕೋಟೆ ಮೇಲೆ ಗೂಗಲ್ ಸ್ಲೈಡ್ಸ್‌ನಲ್ಲಿ ಪಿಪಿಟಿ ಮಾಡಿದ್ವಿ, ನಾನು ರಾತ್ರಿ ಲಿಂಕ್‌ನ ವಾಟ್ಸಾಪ್ ಗ್ರೂಪಿಗೆ ಬಿಟ್ಟು ಮಲಗ್ದೆ, ಬೆಳಿಗ್ಗೆ ನೋಡಿದ್ರೆ ಹೈದರಾಲಿ ಕೋಟೆ ತಗೊಂಡ ವರ್ಷ 1779 ಇದ್ದಿದ್ದು 1799 ಆಗೈತೆ. ಹೈದರಾಲಿ ತೀರ್ಕೊಂಡಿದ್ದೇ 1782ರಲ್ಲಿ ಮಾರಾಯ್ರೆ! ಯಾರು ಬೆಣ್ಣೆ ದೋಸೆ ತಿಂದ ಬೆರಳಲ್ಲೇ ಫೋನ್ ಮುಟ್ಟಿದ್ರೋ, ಇಲ್ಲಾ ಟಿಪ್ಪು ಸತ್ತ ವರ್ಷ ತಲೇಲಿಟ್ಕೊಂಡು ಸರಿ ಮಾಡಕ್ಕೆ ಹೋದ್ರೋ. ತಪ್ಪು ನಂದೇ, ಲಿಂಕ್‌ನ ಎಡಿಟರ್ ಅಂತ ಬಿಟ್ಟಿದ್ದೆ, ಅಂದ್ರೆ ಲಿಂಕ್ ಇದ್ದೋರು ಯಾರು ಬೇಕಾದ್ರೂ ತಿದ್ಬೋದು.

ಲ್ಯಾಪ್‌ಟಾಪಲ್ಲಿ ಫೈಲ್ ತೆಗ್ದು ಬಲಗಡೆ ಮೇಲೆ ಶೇರ್ ಬಟನ್ ಒತ್ರಿ. ಕೆಳಗೆ ಜನರಲ್ ಆಕ್ಸೆಸ್ ಅಂತ ಇರ್ತೈತೆ, ಅಲ್ಲಿ ಎಡಿಟರ್ ಇದ್ರೆ ವ್ಯೂವರ್ (ನೋಡೋಕಷ್ಟೇ) ಮಾಡ್ರಿ, ಸಲಹೆ ಬೇಕಿದ್ರೆ ಕಾಮೆಂಟರ್. ಬಹಳ ಜನ ಇಷ್ಟಕ್ಕೇ ಬಿಟ್ಬಿಡ್ತಾರೆ, ಆದ್ರೆ ಮೊದ್ಲೇ ಯಾರ್‌ನಾದ್ರೂ ಇಮೇಲ್ ಹಾಕಿ ಎಡಿಟರ್ ಅಂತ ಸೇರಿಸಿದ್ರೆ ಲಿಂಕ್ ಬದಲಾಯಿಸಿದ್ರೂ ಅವ್ರು ಎಡಿಟರ್ರೇ, ಮೇಲಿನ ಲಿಸ್ಟಲ್ಲಿ ಒಬ್ಬೊಬ್ರುನ್ನೇ ಬದಲಾಯಿಸ್ಬೇಕು. ಅಲ್ಲೇ ಗೇರ್ ಗುರುತು ಒತ್ತಿ ಎಡಿಟರ್‌ಗಳು ಪರ್ಮಿಶನ್ ಬದಲಾಯಿಸ್ಬೋದು ಅನ್ನೋ ಟಿಕ್ ತೆಗೀರಿ, ಇಲ್ಲಾಂದ್ರೆ ನೀವು ಬಾಗಿಲು ಹಾಕೋದು, ಅವ್ರು ತೆಗೆಯೋದು.

ಒಂದೇ ಒಂದು ಸ್ಲೈಡ್‌ನ ಲಾಕ್ ಮಾಡೋಕೆ ಆಗಲ್ಲ, ಗೂಗಲ್ ಶೀಟ್ಸಲ್ಲಿ ಇರೋ ಆ ಸೌಲಭ್ಯ ಇಲ್ಲಿಲ್ಲ. ಕೆಟ್ಟೋಗಿದ್ರೆ ಫೈಲ್ ಮೆನುವಲ್ಲಿ ವರ್ಷನ್ ಹಿಸ್ಟರಿಗೆ ಹೋಗಿ ಹಳೇದನ್ನ ರಿಸ್ಟೋರ್ ಮಾಡ್ರಿ, ಯಾರು ಮುಟ್ಟಿದ್ದು ಅಂತಾನೂ ಕಾಣ್ತೈತೆ, ಲಾಗಿನ್ ಆಗ್ದೆ ಬಂದೋರ ಹೆಸ್ರು ಮಾತ್ರ ಬರಲ್ಲ. ನಮ್ಮ 1799ರ ಪುಣ್ಯಾತ್ಮ ಹಂಗೇ ತಪ್ಪಿಸ್ಕೊಂಡ.

ಪವರ್‌ಪಾಯಿಂಟ್ ಆದ್ರೆ ಮಾರ್ಕ್ ಆಸ್ ಫೈನಲ್ (ಇದು ಮುಗಿದಿರೋ ಫೈಲ್ ಅಂತ ಗುರುತು ಹಾಕೋದು) ನಂಬ್ಕೊಂಡು ಕೂರ್‌ಬೇಡ್ರಿ, ಮೇಲೆ ಬರೋ ಹಳದಿ ಪಟ್ಟೀಲಿ ಎಡಿಟ್ ಎನಿವೇ ಒತ್ತಿದ್ರೆ ಮುಗೀತು. ವಿಂಡೋಸಲ್ಲಿ ಸೇವ್ ಆಸ್ ಕೊಟ್ಟಾಗ ಸೇವ್ ಬಟನ್ ಪಕ್ಕ ಟೂಲ್ಸ್ ಇರ್ತೈತೆ, ಅದ್ರೊಳಗೆ ಜನರಲ್ ಆಪ್ಷನ್ಸ್, ಅಲ್ಲಿ ಪಾಸ್‌ವರ್ಡ್ ಟು ಮಾಡಿಫೈ ಹಾಕ್ರಿ. ಪಾಸ್‌ವರ್ಡ್ ಇಲ್ದೋರು ಓದ್ಬೋದು, ಅದೇ ಫೈಲಲ್ಲಿ ತಿದ್ದಿ ಸೇವ್ ಮಾಡೋಕಾಗಲ್ಲ. ಹೆಂಗಾದ್ರೂ ಕಾಪಿ ಮಾಡ್ಕೊಂಡು ತಿದ್ದಿದ್ರೆ ಅದು ಅವ್ರ ಹಣೆಬರಹ, ನಿಮ್ಮದು ಸೇಫ್.

ಜೆರಾಕ್ಸ್ ಅಂಗಡಿಗೆ ಕಳ್ಸೋದಾದ್ರೆ ಇದ್ಯಾವ್ದೂ ಬೇಡ, ಪಿಡಿಎಫ್ ಮಾಡಿ ಕಳಿಸ್ರಿ, ನುಡಿ ಫಾಂಟಲ್ಲಿ ಟೈಪ್ ಮಾಡಿದ್ ಕನ್ನಡ ಅವ್ರ ಕಂಪ್ಯೂಟರಲ್ಲಿ ಚೆಲ್ಲಾಪಿಲ್ಲಿ ಆಗೋದೂ ತಪ್ತೈತೆ.