ಮಗುವಿನ ಬಟ್ಟೆಯಲ್ಲಿ ಕೌದಿ ಹೊಲಿಯುವುದು ಹೇಗೆ?

ಮಗು ತೀರಿಕೊಂಡ ಮನೆಯಲ್ಲಿ ಒಂದು ಕಪಾಟು ಇರುತ್ತದೆ. ಅದನ್ನು ತೆರೆಯಲಿಕ್ಕೂ ಆಗುವುದಿಲ್ಲ, ಖಾಲಿ ಮಾಡಲಿಕ್ಕೂ ಮನಸ್ಸು ಬರುವುದಿಲ್ಲ. ಉಡುಪಿಯ ನಮ್ಮ ಮನೆಯಲ್ಲಿ ಅದು ಎರಡು ವರ್ಷ ಮುಚ್ಚಿಯೇ ಇತ್ತು. ನನ್ನ ಮಗಳು ಹೋದಾಗ ಅವಳಿಗೆ ಏಳು ವರ್ಷ. ಎರಡನೇ ಕ್ಲಾಸು.

ಅಲ್ಲಿಯವರೆಗೆ ನನ್ನ ಕೈಗಳು ದಿನವಿಡೀ ಅವಳ ಕೆಲಸವನ್ನೇ ಮಾಡುತ್ತಿದ್ದವು. ಎರಡು ಜಡೆ ಹಾಕಬೇಕು, ಬಂಗುಡೆ ಮೀನಿನ ಮುಳ್ಳು ತೆಗೆದುಕೊಡಬೇಕು, ಶೂ ಲೇಸ್ ಕಟ್ಟಬೇಕು. ಆಮೇಲೆ ಒಂದು ಬೆಳಿಗ್ಗೆ ಕೈಗೆ ಕೆಲಸವೇ ಇಲ್ಲ. ಬಂದವರೆಲ್ಲ ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದರು. ಕೈಯನ್ನು ಏನು ಮಾಡಲಿ ಎಂದು ಯಾರೂ ಹೇಳಲಿಲ್ಲ. ಈ ಲೇಖನ ಆ ಕೈಗಳ ಬಗ್ಗೆ. ಮಗುವಿನ ಹಳೆಯ ಬಟ್ಟೆಗಳನ್ನು ಸೇರಿಸಿ ಒಂದು ಕೌದಿ, ಅಂದರೆ ಪದರ ಪದರವಾದ ಹೊದಿಕೆ, ಹೊಲಿಯುವುದು ಹೇಗೆ ಎಂದು ನಾನು ಕಲಿತ ಹಾಗೆಯೇ ಬರೆಯುತ್ತಿದ್ದೇನೆ. ಹೊಲಿಗೆ ಬಾರದವರೂ ಮಾಡಬಹುದು. ನನಗೆ ಗುಂಡಿ ಹಾಕುವುದು ಬಿಟ್ಟರೆ ಬೇರೆ ಏನೂ ಬರುತ್ತಿರಲಿಲ್ಲ.

ಕೌದಿ ನಮ್ಮ ಕರಾವಳಿಯದ್ದಲ್ಲ, ಘಟ್ಟದ ಮೇಲಿನದ್ದು. ಧಾರವಾಡ, ಬಾಗಲಕೋಟೆ, ವಿಜಯಪುರ ಕಡೆ ಹಳೆ ಸೀರೆ, ಧೋತ್ರ ಎಲ್ಲ ಸೇರಿಸಿ ಕೈಯಲ್ಲೇ ಹೊಲಿಯುತ್ತಾರೆ. ನನಗೆ ಕಲಿಸಿದವರೂ ಆ ಕಡೆಯವರೇ. ನಮ್ಮ ಓಣಿಯಲ್ಲಿ ಮನೆ ಕಟ್ಟುವ ಕೆಲಸಕ್ಕೆ ಬಂದಿದ್ದ ಬಾಗಲಕೋಟೆಯ ಒಬ್ಬ ಅಕ್ಕ. ಮಳೆಗೆ ಕೆಲಸ ನಿಂತಾಗ ನಮ್ಮ ಜಗಲಿಯಲ್ಲಿ ಕೂತು ಕೌದಿ ಹೊಲಿಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಂದು ದಿನ ಸೂಜಿ ನನ್ನ ಕೈಗೆ ಕೊಟ್ಟರು. ನನಗೆ ಅಳು ಬಂತು. "ಅಳಬ್ಯಾಡ್ರಿ ಅನ್ನಂಗಿಲ್ಲ ಅಕ್ಕಾರ. ಅಳಕೋಂತ ಹೊಲೀರಿ" ಎಂದರು. ಎರಡು ವರ್ಷದಲ್ಲಿ ನನಗೆ ಯಾರಾದರೂ ಹೇಳಿದ ಮಾತುಗಳಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ.

ಮೊದಲು ಕಪಾಟು

ಅವಸರ ಬೇಡ. ಆರು ತಿಂಗಳೋ ಆರು ವರ್ಷವೋ, ಅದು ನಿಮಗೆ ಬಿಟ್ಟದ್ದು. ಆದರೆ ಮೊದಲ ವಾರದಲ್ಲೇ ಯಾರಾದರೂ ಬಟ್ಟೆಯನ್ನೆಲ್ಲ ಸುಡುತ್ತೇವೆ, ಕೊಟ್ಟುಬಿಡುತ್ತೇವೆ ಎಂದರೆ ತಡೆಯಿರಿ. ನಮ್ಮಲ್ಲೂ ಹಾಗೆ ಹೇಳಿದವರಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆಗ ನನ್ನ ಅತ್ತೆ ಕಪಾಟಿಗೆ ಬೀಗ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆ ಉಪಕಾರವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಕಪಾಟು ತೆರೆಯುವ ದಿನ ಒಬ್ಬರೇ ಇರಬೇಡಿ. ಮೊದಲ ಕೆಲಸ, ಒಂದು ಬಟ್ಟೆಯನ್ನು ಬೇರೆ ತೆಗೆದಿಡಿ. ಅದನ್ನು ತೊಳೆಯಬಾರದು, ಕತ್ತರಿಸಲೂ ಬಾರದು. ತೊಳೆದರೆ ಮಗುವಿನ ವಾಸನೆ ಹೋಗುತ್ತದೆ, ಮತ್ತೆ ಬರುವುದಿಲ್ಲ. ಒಣಗಿದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡಬ್ಬಿಯಲ್ಲಿಡಿ. ನಾನು ಇಟ್ಟದ್ದು ಒಂದು ಶಿಮ್ಮಿ.

ಎರಡನೆಯದು, ಎಲ್ಲ ಜೇಬುಗಳನ್ನೂ ನೋಡಿ. ಅವಳ ಯೂನಿಫಾರ್ಮ್ ಜೇಬಿನಲ್ಲಿ ನನಗೆ ಮೂರು ಮಂಜೊಟ್ಟಿ ಬೀಜ ಸಿಕ್ಕಿತು. ಕೆಂಪಗೆ, ಹೊಳೆಯುತ್ತಾ. ಆಟಿಯಲ್ಲಿ, ಅಂದರೆ ತುಳುನಾಡಿನ ಮಳೆಗಾಲದ ತಿಂಗಳಲ್ಲಿ, ನಾವು ಚೆನ್ನೆಮಣೆ ಆಡುತ್ತಿದ್ದೆವು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಒಟ್ಟು 56 ಕಾಯಿ ಬೇಕು. ಆ ವರ್ಷ ಮೂರು ಕಡಿಮೆ ಬಂದಿತ್ತು. ಎಲ್ಲಿ ಹಾಕಿದ್ದೀ ಎಂದು ಅವಳಿಗೆ ಬೈದಿದ್ದೆ. ಗೊತ್ತಿಲ್ಲ ಅಂದಿದ್ದಳು.

ಆ ದಿನ ಮುಂದೆ ಏನೂ ಮಾಡಲಾಗಲಿಲ್ಲ. ನಿಮಗೂ ಹಾಗೆ ಆದರೆ ಕಪಾಟು ಮುಚ್ಚಿ, ಚಹಾ ಮಾಡಿಕೊಂಡು ಕುಡಿಯಿರಿ. ಇನ್ನೊಂದು ದಿನ ನೋಡಿದರಾಯಿತು.

ಬಟ್ಟೆ ಆರಿಸುವುದು

ಹತ್ತಿ ಬಟ್ಟೆ ಎಲ್ಲಕ್ಕಿಂತ ಸುಲಭ. ಫ್ರಾಕು, ಲಂಗ, ಯೂನಿಫಾರ್ಮ್ ಅಂಗಿ ಎಲ್ಲ ಆಗುತ್ತದೆ. ಟೀ ಶರ್ಟ್ ಎಳೆದರೆ ಹಿಗ್ಗುತ್ತದೆ. ಅದರ ಹಿಂಬದಿಗೆ ಟೈಲರ್‌ಗಳು ಕಾಲರಿಗೆ ಇಸ್ತ್ರಿಯಲ್ಲಿ ಅಂಟಿಸುವ ತೆಳು ಬಟ್ಟೆಯನ್ನು ಅಂಟಿಸಿ, ಆಮೇಲೆ ಕತ್ತರಿಸಿ. ಹೊಳೆಯುವ ಸ್ಯಾಟಿನ್ ಬಟ್ಟೆಯ ಅಂಚು ನೂಲು ಬಿಡುತ್ತದೆ. ಅದನ್ನು ಎರಡು ಸಲ ಮಡಚಬೇಕು.

ಕೌದಿಗೆ ಹಾಕುವುದನ್ನೆಲ್ಲ ತೊಳೆಯಿರಿ. ಬಣ್ಣ ಬಿಡುತ್ತದೋ ನೋಡಲಿಕ್ಕೆ ಒಂದು ಬಿಳಿ ಬಟ್ಟೆ ಒದ್ದೆ ಮಾಡಿ ಉಜ್ಜಿ. ನಮ್ಮ ಊರಿನ ಮಳೆಗಾಲದಲ್ಲಿ ಬಟ್ಟೆ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ. ತೇವ ಇರುವಾಗಲೇ ಹೊಲಿದರೆ ಪದರದ ನಡುವೆ ಕಪ್ಪು ಬೂಷ್ಟು ಬರುತ್ತದೆ, ಮುಗ್ಗಲು ವಾಸನೆ ಹೋಗುವುದೇ ಇಲ್ಲ. ಹಾಗಾಗಿ ಹೊಲಿಯುವ ಮೊದಲು ಇಸ್ತ್ರಿ ಹಾಕಲೇಬೇಕು.

ಕೌದಿಯ ಕೆಳಪದರಕ್ಕೆ ಒಂದು ಹಳೆ ಕೈಮಗ್ಗದ ಸೀರೆ ಬೇಕು. ನಾನು ಅತ್ತೆಯ ಉಡುಪಿ ಸೀರೆ ತೆಗೆದುಕೊಂಡೆ. 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆಯಲ್ವಾ, ಅದೇ ಸೀರೆ. ಉಟ್ಟು ಉಟ್ಟು ಮೆತ್ತಗಾಗಿತ್ತು, ಸೂಜಿ ಸಲೀಸಾಗಿ ಇಳಿಯುತ್ತಿತ್ತು. ಫಾಲ್ಸ್ ಇದ್ದರೆ ಬಿಚ್ಚಿ. ಐದೂವರೆ ಮೀಟರ್ ಸೀರೆಯನ್ನು ಎರಡು ಸಲ ಮಡಚಿದರೆ ನಾಲ್ಕು ಪದರ ಆಗುತ್ತದೆ. ಅಳತೆ ಸುಮಾರು 45 ಇಂಚು ಅಗಲ, 54 ಇಂಚು ಉದ್ದ. ಮಡಿಲ ಮೇಲೆ ಹೊದೆಯಲು ಇಷ್ಟು ಸಾಕು. ಮೊದಲ ಸಲವೇ ಮಂಚದ ಅಳತೆಗೆ ಕೈ ಹಾಕಬೇಡಿ.

ಕತ್ತರಿ ಇಡುವ ಮೊದಲು

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದು. ಮೊದಲು ಪ್ರತಿ ಬಟ್ಟೆಯ ಫೋಟೊ ತೆಗೆದಿಡಿ. ಆಮೇಲೆ ಬಟ್ಟೆಗೆ ನೇರ ಕತ್ತರಿ ಹಾಕಬೇಡಿ. ಅದರ ಹೊಲಿಗೆ ಬಿಚ್ಚಿ. ಬ್ಲೇಡಿನ ತುದಿಯಿಂದ ಮೂರು ನಾಲ್ಕು ಹೊಲಿಗೆಗೊಂದು ನೂಲು ಕತ್ತರಿಸಿ ಎಳೆದರೆ ತೋಳು ತೋಳಾಗಿ, ಬೆನ್ನು ಬೆನ್ನಾಗಿ ತಾನೇ ಬೇರೆಯಾಗುತ್ತದೆ. ಫ್ರಾಕು ಆಗ ಫ್ರಾಕಾಗಿ ಕಾಣುವುದಿಲ್ಲ, ಬಟ್ಟೆಯಾಗಿ ಕಾಣುತ್ತದೆ. ಬಾಗಲಕೋಟೆಯ ಅಕ್ಕ ಇದನ್ನು ಹೇಳಿಕೊಡದೆ ಇದ್ದಿದ್ದರೆ ನಾನು ಕತ್ತರಿ ಹಿಡಿದು ಇವತ್ತಿಗೂ ಕೂತಿರುತ್ತಿದ್ದೆ.

ರಟ್ಟಿನಲ್ಲಿ 5 ಇಂಚಿನ ಚೌಕ ಮಾಡಿಕೊಳ್ಳಿ. ಅದನ್ನು ಇಟ್ಟು ಚಾಕ್‌ಪೀಸಿನಲ್ಲಿ ಗೆರೆ ಎಳೆದು ಕತ್ತರಿಸಿ. ಅರ್ಧ ಇಂಚು ಒಂದರ ಮೇಲೊಂದು ಬರುತ್ತದೆ, ಹಾಗಾಗಿ ಅಗಲಕ್ಕೆ ಹತ್ತು, ಉದ್ದಕ್ಕೆ ಹನ್ನೆರಡು, ಒಟ್ಟು 120 ತುಂಡು ಬೇಕು. ಜೇಬು, ಹೆಸರು ಬರೆದ ಪಟ್ಟಿ, ಕಸೂತಿಯ ಹೂವು ಇದ್ದರೆ ಅದನ್ನು ಅಳತೆಗೆ ಸರಿಯಾಗಿ ಕತ್ತರಿಸಲು ಹೋಗಬೇಡಿ. ಹಾಗೇ ಇಡೀ ತೆಗೆಯಿರಿ.

ಒಂದು ಮಗುವಿನ ಬಟ್ಟೆಯಲ್ಲಿ 120 ತುಂಡು ಆಗುವುದು ಕಷ್ಟ. ನನಗೆ ಆದದ್ದು 71. ಉಳಿದದ್ದಕ್ಕೆ ಅಪ್ಪನ ಲುಂಗಿ, ನನ್ನ ಚೂಡಿದಾರ್ ಬಂತು. ಅವಳ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿಯ ಅಮ್ಮ ಒಂದು ಹೂವಿನ ಫ್ರಾಕು ತಂದುಕೊಟ್ಟರು. ಪಕ್ಕದ ಮನೆಯ ಬಾಯಮ್ಮ ಮೊಂತಿ ಹಬ್ಬಕ್ಕೆ ಮೊಮ್ಮಗಳಿಗೆ ಹೊಲಿಸಿದ್ದ ಅಂಗಿಯ ಉಳಿದ ಬಟ್ಟೆ ಕೊಟ್ಟರು. ಆ ಹಬ್ಬದಲ್ಲಿ ಮಾತೆ ಮರಿಯಮ್ಮನಿಗೆ ಹೂ ಹಾಕಲು ನನ್ನ ಮಗಳೂ ಅವರ ಮೊಮ್ಮಗಳ ಜೊತೆ ಬುಟ್ಟಿ ಹಿಡಿದು ಹೋಗಿದ್ದಳು. ಆದ್ದರಿಂದ ಕೇಳಲು ನಾಚಿಕೆ ಬೇಡ. ಏನಾದರೂ ಮಾಡಬೇಕು ಎಂದುಕೊಂಡು ಏನು ಎಂದು ತಿಳಿಯದೆ ಸುಮ್ನೆ ಇದ್ದವರು ಜಾಸ್ತಿ ಇರುತ್ತಾರೆ. ಒಂದು ತುಂಡು ಬಟ್ಟೆ ಕೊಡಿ ಅಂದರೆ ಅವರಿಗೂ ದಾರಿ ಸಿಗುತ್ತದೆ.

ಹೊಲಿಗೆ

ಮಡಚಿದ ಸೀರೆಯನ್ನು ನೆಲದ ಮೇಲೆ ಹರಡಿ, ಸುಕ್ಕಿಲ್ಲದ ಹಾಗೆ ಎಳೆದು, ಒಂದು ಗೇಣಿಗೆ ಒಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಪದರ ಜಾರದಿರಲಿ ಎಂದು ಇದು. ಕೊನೆಗೆ ಬಿಚ್ಚಿ ತೆಗೆಯುತ್ತೇವೆ.

ಇನ್ನು ಮೂಲೆಯಿಂದ ಶುರು. ಸೀರೆಯ ಅಂಚನ್ನು ಒಳಗೆ ಮಡಚಿಕೊಂಡು, ಮೊದಲ ತುಂಡಿನ ಹೊರ ಅಂಚನ್ನೂ ಮಡಚಿ ಇಟ್ಟು ಹೊಲಿಯಿರಿ. ಮುಂದಿನ ತುಂಡಿನ ಮಡಚಿದ ಅಂಚು ಹಿಂದಿನ ತುಂಡಿನ ಮಡಚದ ಅಂಚನ್ನು ಮುಚ್ಚುವ ಹಾಗೆ ಬರಬೇಕು. ಹೀಗೆ ನಾಲ್ಕೂ ಬದಿ ಒಂದು ಸುತ್ತು. ಆಮೇಲೆ ಅದರ ಒಳಗೆ ಇನ್ನೊಂದು ಸುತ್ತು. ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರೂ ಕೌದಿಯನ್ನು ಹೀಗೆ ಹೊರಗಿಂದ ಒಳಗೆ ಹೊಲಿಯುತ್ತಾರೆ. ಅವರು ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಪುಟ್ಟ ಹೂವನ್ನೂ ಇಡುತ್ತಾರೆ. ಅದು ಇಲ್ಲದಿದ್ದರೆ ಕೌದಿ ಬೆತ್ತಲೆ ಎಂದು ಅವರ ಲೆಕ್ಕ.

ಹೊಲಿಗೆ ತೀರಾ ಸಾದಾ. ಸೂಜಿ ಒಳಗೆ, ಹೊರಗೆ, ಒಳಗೆ, ಹೊರಗೆ. ಹೊಲಿಗೆ ಅಕ್ಕಿ ಕಾಳಿನಷ್ಟು ಉದ್ದ ಇದ್ದರೆ ಸಾಕು. ಸಾಲಿಗೂ ಸಾಲಿಗೂ ಒಂದು ಬೆರಳ ಅಗಲ ಬಿಡಿ. ದಪ್ಪ ಹತ್ತಿ ದಾರ ತೆಗೆದುಕೊಳ್ಳಿ, ಒಂದು ಮೊಳಕ್ಕಿಂತ ಉದ್ದ ಬೇಡ, ಗಂಟು ಬೀಳುತ್ತದೆ. ದಾರವನ್ನು ಮೊಂಬತ್ತಿಯ ಚೂರಿನ ಮೇಲೆ ಒಮ್ಮೆ ಎಳೆದರೆ ಜಾರುತ್ತದೆ. ನಾಲ್ಕು ಪದರದಲ್ಲಿ ಸೂಜಿ ನೂಕುವಾಗ ಬೆರಳು ನೋಯುತ್ತದೆ, ಬೆರಳಿಗೆ ಹಾಕುವ ಲೋಹದ ಟೊಪ್ಪಿ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ.

ದಿನಕ್ಕೆ ಎಷ್ಟು? ನಾನು ಮೂರು ದಾರ ಎಂದು ಇಟ್ಟುಕೊಂಡಿದ್ದೆ. ಮೂರು ದಾರ ಮುಗಿದರೆ ಎದ್ದುಬಿಡುವುದು. ಅವಳು ಶಾಲೆಯಿಂದ ಬರುತ್ತಿದ್ದ ನಾಲ್ಕು ಗಂಟೆಗೆ ಕೂರುತ್ತಿದ್ದೆ. ದಿನದಲ್ಲಿ ದಾಟಲಿಕ್ಕೆ ಕಷ್ಟವಾದ ಹೊತ್ತು ಅದು. ಹೊಲಿಗೆ ಸೊಟ್ಟಗಾದರೆ ಬಿಚ್ಚಬೇಡಿ. ನನ್ನ ಕೌದಿಯ ಎರಡನೇ ಸುತ್ತಿನಲ್ಲಿ ಒಂದು ಸಾಲು ಹಾವಿನ ಹಾಗೆ ಹೋಗಿದೆ. ಅದು ಅವಳ ಹುಟ್ಟುಹಬ್ಬದ ದಿನ ಹೊಲಿದದ್ದು.

ಜೊತೆಗೆ ಕೂರುವವರಿಗೆ

ಗೆಳತಿಯರಾಗಿ ಹೋಗುವವರಿಗೂ ಎರಡು ಮಾತು ಹೇಳಬೇಕು. "ದೇವರಿಗೆ ಒಳ್ಳೆಯವರೇ ಬೇಕಾಗುವುದು", "ಇನ್ನೊಂದು ಮಗು ಮಾಡಿಕೊಳ್ಳಿ", ಇವು ಬೇಡ. ದಯವಿಟ್ಟು ಬೇಡ. ಮಗುವಿನ ಹೆಸರು ಹೇಳಿ. ಹೆಸರು ಕೇಳಿದರೆ ಅಮ್ಮನಿಗೆ ನೆನಪಾಗಿಬಿಡುತ್ತದೆ ಎಂದು ಹೆದರಬೇಡಿ, ಅವಳು ಮರೆತಿರುವುದಿಲ್ಲ. ನನ್ನ ಕಾಲೇಜಿನ ಗೆಳತಿ ಮಂಗಳವಾರ ಮಂಗಳವಾರ ಮಂಗಳೂರಿಂದ ಬಸ್ಸಿನಲ್ಲಿ ಬರುತ್ತಿದ್ದಳು. "ಮಾತಾಡುವುದು ಬೇಡ ಮಾರಾಯ್ತಿ, ನಾನು ದಾರ ಪೋಣಿಸಿ ಕೊಡ್ತೇನೆ" ಎಂದು ಕೂರುತ್ತಿದ್ದಳು. ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು, ಊಟ ಮಾಡಿ, ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಅಳು ಬಂದರೆ ಕಣ್ಣು ಸೂಜಿಯ ಕಣ್ಣನ್ನು ಹುಡುಕಲಾರದು. ಅದು ಅವಳಿಗೆ ಹೇಗೆ ಗೊತ್ತಾಯಿತೋ.

ಇನ್ನೊಂದು ಮುಖ್ಯ ವಿಷಯ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ತಾನೂ ಹೋಗಿಬಿಡಬೇಕು ಅನಿಸುತ್ತಿದೆ ಎಂದಾದರೆ ಕೌದಿ ಸಾಕಾಗುವುದಿಲ್ಲ. ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ನಾನೂ ಒಂದು ರಾತ್ರಿ ಕರೆ ಮಾಡಿದ್ದೇನೆ.

ನಡುವಿನ ತುಂಡು

ಹೊರಗಿಂದ ಒಳಗೆ ಹೊಲಿದರೆ ನಡುವಿನ ತುಂಡು ಕೊನೆಗೆ ಬರುತ್ತದೆ. ಅಲ್ಲಿ ಯಾವುದು ಎಂದು ಮೊದಲೇ ಯೋಚಿಸಿಡಿ. ನನ್ನದು ಹಳದಿ ಸ್ಯಾಟಿನ್. ಐದು ವರ್ಷ ಇರುವಾಗ ಅಷ್ಟಮಿಯ ಮುದ್ದುಕೃಷ್ಣ ಸ್ಪರ್ಧೆಗೆ ಅವಳಿಗೆ ಉಡಿಸಿದ ಕಚ್ಚೆ. ಬಹುಮಾನ ಬರಲಿಲ್ಲ. ವೇದಿಕೆಯ ಮೇಲೆಯೇ ಕೂತು ಬೆಣ್ಣೆ ತಿಂದಿದ್ದಳು.

ಅವಳು ಹೋದ ಮೇಲೆ ನಾನು ಕೃಷ್ಣ ಮಠದ ರಥಬೀದಿಗೆ ಕಾಲಿಟ್ಟಿರಲಿಲ್ಲ. ದೇವರ ಮೇಲೆ ಸಿಟ್ಟಿತ್ತು. ನಂಬಿಕೆಯ ಬಗ್ಗೆ ನಾನು ಹೇಳುವುದು ಇಷ್ಟೇ: ಸಿಟ್ಟಿದ್ದರೆ ಸಿಟ್ಟಿರಲಿ, ಯಾರೂ ಎಳೆದುಕೊಂಡು ಹೋಗಬಾರದು. ನಡುವಿನ ತುಂಡಿನವರೆಗೆ ಬಂದು ನನ್ನ ಕೈ ನಿಂತಿತು. ಹದಿನೈದು ದಿನ ಸೂಜಿ ಮುಟ್ಟಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ಜನ ಇಲ್ಲದ ಹೊತ್ತಿಗೆ, ಅತ್ತೆಯ ಜೊತೆ ಮಠಕ್ಕೆ ಹೋದೆ. ನವಗ್ರಹ ಕಿಂಡಿಯ ಒಂಬತ್ತು ತೂತುಗಳ ಆಚೆ ಇರುವುದು ಒಂದು ಮಗು ಅಲ್ವಾ? ಕೈಯಲ್ಲಿ ಕಡೆಗೋಲು ಹಿಡಿದು ನಿಂತ ಮಗು. ಹುಟ್ಟಿದಾಗಿನಿಂದ ನೋಡಿದ್ದೇನೆ, ಆ ದಿನ ಅದು ಮಗುವಾಗಿ ಕಂಡಿತು. ನಾನು ಏನೂ ಬೇಡಿಕೊಳ್ಳಲಿಲ್ಲ. ಅವಳ ಹೆಸರನ್ನು ಮೆಲ್ಲಗೆ ಹೇಳಿದೆ. ಅತ್ತೆ ನನ್ನ ಹಿಂದೆ ನಿಂತು ಅದನ್ನೇ ಹೇಳುತ್ತಿದ್ದರು.

ಮನೆಗೆ ಬಂದು ಹಳದಿ ತುಂಡಿನ ಅಂಚನ್ನು ಎರಡು ಸಲ ಮಡಚಿ ಹೊಲಿದೆ. ಒಟ್ಟು ಹನ್ನೊಂದು ತಿಂಗಳು ಹಿಡಿದಿತ್ತು.

ಮುಗಿದ ಮೇಲೆ

ಕಚ್ಚಾ ಹೊಲಿಗೆ ಬಿಚ್ಚಿ. ತಣ್ಣೀರಿನಲ್ಲಿ ಕಡಿಮೆ ಸೋಪು ಹಾಕಿ ಕೈಯಲ್ಲಿ ತೊಳೆಯಿರಿ, ಹಿಂಡಬೇಡಿ. ವಾಷಿಂಗ್ ಮೆಷಿನ್ ಬೇಡ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಹೊಲಿಗೆ ಎಳೆಯುತ್ತದೆ, ಚಾಪೆಯ ಮೇಲೆ ಹರಡಿ ಒಣಗಿಸಿ. ಮಳೆಗಾಲ ಮುಗಿದ ಕೂಡಲೇ ಎರಡು ದಿನ ಬಿಸಿಲಿಗೆ ಹಾಕಿ, ಒಣಗಿದ ಕಹಿಬೇವಿನ ಎಲೆಯ ಜೊತೆ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಅಥವಾ ಸುತ್ತಿಡಲೇಬೇಡಿ, ಹೊದೆಯಿರಿ. ನಾವು ಹೊದೆಯುತ್ತೇವೆ. ನನ್ನ ಗಂಡ ಟಿವಿ ನೋಡುವಾಗ ಅದು ಅವರ ಕಾಲ ಮೇಲಿರುತ್ತದೆ.

ಯೂನಿಫಾರ್ಮ್ ಜೇಬನ್ನು ಮೂರು ಬದಿ ಮಾತ್ರ ಹೊಲಿದಿದ್ದೇನೆ. ಬಾಯಿ ತೆರೆದೇ ಇದೆ, ಒಂದು ಗುಂಡಿ ಹಾಕಿದ್ದೇನೆ. ಮಂಜೊಟ್ಟಿ ಅದರೊಳಗಿದೆ. ತೊಳೆಯುವ ಮೊದಲು ತೆಗೆದು, ಒಣಗಿದ ಮೇಲೆ ಎಣಿಸಿ ಹಾಕುತ್ತೇನೆ. ಆಟಿಯಲ್ಲಿ ಹಿರಿಯರಿಗೆ ಎಲೆ ಹಾಕಿ ಬಡಿಸುವ ದಿನ ಅವಳಿಗೂ ಒಂದು ಸಣ್ಣ ಎಲೆ ಹಾಕುತ್ತೇವೆ, ಮುಳ್ಳು ತೆಗೆದ ಬಂಗುಡೆ ಇಡುತ್ತೇನೆ. ಮಧ್ಯಾಹ್ನ ಮಳೆ ಸುರಿಯುವಾಗ ಅತ್ತೆ ಚೆನ್ನೆಮಣೆ ತೆಗೆಯುತ್ತಾರೆ. 53 ಮಂಜೊಟ್ಟಿ, ಮೂರು ಹುಣಸೆ ಬೀಜ.